ಬಿಸುವಿನಿಂದ ಪತ್ತನಾಜೆವರೆಗೆ

ರೈಲು ಮಂಗಳೂರು ಜಂಕ್ಷನ್ನಿನಲ್ಲಿ ನಿಲ್ಲುವ ಮೊದಲೇ ಕಿಟಕಿಯಿಂದ ಮೊಮ್ಮಗನ ಕೂಗು ಕೇಳಿಸಿತು: "ಅಜ್ಜ, ನಲವತ್ತೊಂದು!"

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ, ಎಣಿಸಿಕೊಂಡು ಬಾ ಎಂದು ಫೋನಿನಲ್ಲಿ ಹೇಳಿದ್ದೆ. 41ಕ್ಕೆ ಅವನಿಗೆ ನಿದ್ರೆ ಬಂದುಬಿಟ್ಟಿತಂತೆ. "ಬೇಜಾರು ಮಾಡಬೇಡ. ವಾಪಸ್ ಹೋಗುವಾಗ ಮೊದಲು ಸಿಗುವುದೇ ಆ ಉಳಿದ ಹದಿನಾರು" ಎಂದೆ. ಅವನ ಮುಖ ಅರಳಿತು.

ಮೊಮ್ಮಗನಿಗೆ 10 ವರ್ಷ. ಅವನ ತಂಗಿಗೆ 7. ಅವಳನ್ನು ನಾವೆಲ್ಲ ಪುಟ್ಟಿ ಎಂದೇ ಕರೆಯುವುದು. ಮಗಳು, ಅಳಿಯ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಹಾಗಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಕ್ಕಳು ಕದ್ರಿಯ ನಮ್ಮ ಮನೆಯಲ್ಲಿ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು, ವಯಸ್ಸು 73. ನನ್ನ ಹೆಂಡತಿಯ ಮಂಡಿ ನೋವು ಮೊಮ್ಮಕ್ಕಳು ಬಂದ ದಿನ ಮಾಯವಾಗುತ್ತದೆ, ಹೋದ ದಿನ ಮರಳಿ ಬರುತ್ತದೆ.

ಮಕ್ಕಳ ಚೀಲದಲ್ಲಿ ಮಗಳು ಒಂದು ಹಾಳೆ ಇಟ್ಟಿದ್ದಳು. ರಜೆಯ ಪಟ್ಟಿ. ಬೇಸಗೆ ಶಿಬಿರ, ಚಿತ್ರಕಲೆ, ಯಕ್ಷಗಾನದ ಹೆಜ್ಜೆ, ಪಿಲಿಕುಳ, ಸಮುದ್ರ, ಪುಟ್ಟಿಯ ಹುಟ್ಟುಹಬ್ಬ. ಕೊನೆಯ ಸಾಲಿನಲ್ಲಿ "ಈಜು" ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಅದನ್ನು ಯಾಕೆ ಹಾಕಿದ್ದಾಳೆಂದು ನನಗೆ ಗೊತ್ತಿತ್ತು. ಹಾಳೆಯನ್ನು ಮಡಚಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಕಣ್ಣು ಮುಚ್ಚಿ ಬಂದು ಕಣಿ ನೋಡಿದರು

ತುಳುನಾಡಿನಲ್ಲಿ ಹೊಸ ವರ್ಷ ಶುರುವಾಗುವುದು ಏಪ್ರಿಲ್ ನಡುವಿನಲ್ಲಿ, ಪಗ್ಗು ತಿಂಗಳ ಮೊದಲ ದಿನ. ಅದೇ ಬಿಸು. ಹಿಂದಿನ ರಾತ್ರಿಯೇ ಹೆಂಡತಿ ದೇವರ ಮುಂದೆ ಬಾಳೆಎಲೆ ಹಾಸಿ ಅಕ್ಕಿ, ತೆಂಗಿನಕಾಯಿ, ಬಣ್ಣದ ಸೌತೆಕಾಯಿ, ಮಾವಿನಕಾಯಿ, ಗೇರುಹಣ್ಣು, ಎಳೆ ಹಲಸು, ವೀಳ್ಯದೆಲೆ, ಅಡಿಕೆ ಎಲ್ಲ ಜೋಡಿಸಿ ನಡುವೆ ಕನ್ನಡಿ ಇಟ್ಟಳು. ಮೇಲೆ ತನ್ನ ಬಂಗಾರದ ಸರ. ಬೆಳಗ್ಗೆ ಎದ್ದ ಕೂಡಲೇ ಮಕ್ಕಳ ಕಣ್ಣು ಮುಚ್ಚಿ ಕರೆದುಕೊಂಡು ಬಂದು ದೀಪದ ಬೆಳಕಿನಲ್ಲಿ ಕಣ್ಣು ಬಿಡಿಸಿದೆವು. ವರ್ಷದ ಮೊದಲ ನೋಟ ಬೆಳೆಯ ಮೇಲೂ ಕನ್ನಡಿಯೊಳಗಿನ ತಮ್ಮ ಮುಖದ ಮೇಲೂ ಬೀಳಬೇಕು. ಇದು ಬಿಸು ಕಣಿ.

"ಗೇರುಹಣ್ಣಿನ ಬೀಜ ಯಾಕೆ ಹೊರಗೆ ಇದೆ?" ಎಂದು ಪುಟ್ಟಿ ಕೇಳಿದಳು. ಮಕ್ಕಳೇ, ನಿಮಗೂ ಈ ಸಂಶಯ ಬಂದಿರಬಹುದು. ನಾವು ಹಣ್ಣು ಎಂದು ತಿನ್ನುವುದು ನಿಜವಾಗಿ ಉಬ್ಬಿದ ತೊಟ್ಟು. ಅದರ ತುದಿಯಲ್ಲಿ ನೇತಾಡುವ ಬೀಜವೇ ನಿಜವಾದ ಕಾಯಿ. ಅದನ್ನು ಹಸಿಯಾಗಿ ಕಚ್ಚಲು ಹೋಗಬೇಡಿ, ಸಿಪ್ಪೆಯ ಎಣ್ಣೆ ತಾಗಿದರೆ ತುಟಿ ಸುಟ್ಟುಹೋಗುತ್ತದೆ. ಅಂದು ಮಧ್ಯಾಹ್ನ ತೊಂಡೆಕಾಯಿ ಮತ್ತು ಎಳೆ ಗೇರುಬೀಜದ ಪಲ್ಯ, ಹೆಸರುಬೇಳೆ ಪಾಯಸ. ಊಟದ ಮೊದಲು ಮಕ್ಕಳಿಬ್ಬರೂ ನಮ್ಮ ಕಾಲಿಗೆ ನಮಸ್ಕರಿಸಿದರು. ಕೈಗೆ ನೂರರ ಹೊಸ ನೋಟು ಕೊಟ್ಟೆ.

ಶಿಬಿರ

ಮೊದಲು ಸೇರಿಸಿದ ಶಿಬಿರ ಮಕ್ಕಳಿಗೆ ಹಿಡಿಸಲಿಲ್ಲ. ಗಂಟೆಗೊಂದು ವಿಷಯ, ಪ್ರತಿಯೊಂದಕ್ಕೂ ಫೋಟೋ. "ಮಾಡಿ ಮುಗಿಸುವ ಮೊದಲೇ ಎತ್ತಿ ಹಿಡೀರಿ ಅಂತಾರೆ" ಎಂದು ಮೊಮ್ಮಗ ಹೇಳಿದ. ನಾಲ್ಕೇ ದಿನಕ್ಕೆ ಬಿಡಿಸಿದೆವು. ಆಮೇಲೆ ಸೇರಿಸಿದ್ದು ಹತ್ತಿರದಲ್ಲಿ ನಡೆಯುತ್ತಿದ್ದ ಚಿಕ್ಕದೊಂದು ಶಿಬಿರಕ್ಕೆ. ಅಲ್ಲಿ ಎರಡೇ ಕೆಲಸ: ಬೆಳಗ್ಗೆ ಆವೆಮಣ್ಣು, ಆಮೇಲೆ ಯಕ್ಷಗಾನದ ಹೆಜ್ಜೆ. ಹತ್ತು ದಿನ "ತೈ ತ ತೈ" ಕೇಳಿ ಕೇಳಿ ಕೆಳಗಿನ ಮನೆಯವರು "ನಿಮ್ಮಲ್ಲಿ ಮೇಳ ಬಂದು ಉಳಿದಿದೆಯಾ?" ಎಂದು ನಗುತ್ತಾ ಕೇಳಿದರು. ಕಾಗದದ ಕಿರೀಟ ಇಟ್ಟುಕೊಂಡೇ ಪುಟ್ಟಿ ಊಟಕ್ಕೆ ಕೂರುತ್ತಿದ್ದಳು.

ಒಂದು ದಿನ ಪಿಲಿಕುಳಕ್ಕೆ ಹೋದೆವು. ತುಳುವಿನಲ್ಲಿ "ಪಿಲಿ" ಎಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೇ ಪಿಲಿಕುಳ. ಈಗಲೂ ಅಲ್ಲಿ ಹುಲಿ ಇದೆ, ಆದರೆ ಜೈವಿಕ ಉದ್ಯಾನದ ಬೇಲಿಯೊಳಗೆ. 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿ ಕನ್ನಡಕ ಹಾಕಿಕೊಂಡು ತಲೆಯ ಮೇಲೆ ಗ್ರಹಗಳು ಹಾದುಹೋಗುವುದನ್ನು ನೋಡಿದೆವು. ನನಗೆ ಗುತ್ತಿನ ಮನೆಯ ಮರದ ಕಂಬಗಳು ಇಷ್ಟವಾದವು, ಮಕ್ಕಳಿಗೆ ಕುಶಲಕರ್ಮಿ ಗ್ರಾಮದ ಕುಂಬಾರಿಕೆ. "ಇದು ನಮ್ಮ ಶಿಬಿರದ ಮಣ್ಣೇ!" ಎಂದು ಪುಟ್ಟಿ ಕೂಗಿದಳು.

"ಅಜ್ಜ, ಕೈ ನೋಯ್ತಿದೆ"

ಇನ್ನೊಂದು ಸಂಜೆ ಸುಲ್ತಾನ್ ಬತ್ತೇರಿಗೆ ಹೋದೆವು. ಗುರುಪುರ ನದಿಯ ದಡದಲ್ಲಿ ಕಪ್ಪು ಕಲ್ಲಿನ ಆ ಕಾವಲುಗೋಪುರವನ್ನು ಟಿಪ್ಪು ಸುಲ್ತಾನ್ ಕಟ್ಟಿಸಿದ್ದು 1784ರಲ್ಲಿ, ಶತ್ರುಗಳ ಯುದ್ಧನೌಕೆ ನದಿಯೊಳಗೆ ನುಗ್ಗದಂತೆ ನೋಡಿಕೊಳ್ಳಲು. ತೋಪು ಇಡುತ್ತಿದ್ದ ಕಿಂಡಿಗಳಲ್ಲಿ ಮೊಮ್ಮಗ ಕಣ್ಣಿಟ್ಟು ನೋಡಿ, "ಇಲ್ಲಿಂದ ಹೊಡೆದ್ರೆ ಆ ದೋಣಿಗೆ ತಾಗತ್ತೆ" ಎಂದ. ಆ ದೋಣಿಯಲ್ಲೇ ನಾವು ನದಿ ದಾಟಬೇಕಿತ್ತು. ಆಚೆ ದಡದಲ್ಲಿ ಇಳಿದು ಸ್ವಲ್ಪ ನಡೆದರೆ ತಣ್ಣೀರುಬಾವಿಯ ಸಮುದ್ರ.

ದೋಣಿಯಲ್ಲಿ ನಾನು ಇಬ್ಬರ ಕೈಯನ್ನೂ ಹಿಡಿದು ಕುಳಿತೆ. ಸಮುದ್ರದ ಬಳಿಯೂ ಬಿಡಲಿಲ್ಲ. ಬೇರೆ ಮಕ್ಕಳು ಅಲೆಯ ಅಂಚಿನಲ್ಲಿ ಕಾಲು ನೆನೆಸಿಕೊಂಡು ಕಿರುಚುತ್ತಾ ಓಡುತ್ತಿದ್ದರು. ನಮ್ಮ ಮಕ್ಕಳು ಒಣ ಮರಳಿನಲ್ಲಿ ನಿಂತು ನೋಡುತ್ತಿದ್ದರು. "ಅಜ್ಜ, ಕೈ ನೋಯ್ತಿದೆ" ಎಂದಳು ಪುಟ್ಟಿ. ಆಗಲೇ ನನಗೆ ಗೊತ್ತಾದದ್ದು, ನನ್ನ ಹಿಡಿತದಲ್ಲಿ ಅವಳ ಬೆರಳು ಬಿಳಿಚಿಕೊಂಡಿತ್ತು.

ಹೆಂಡತಿ ಏನೂ ಹೇಳಲಿಲ್ಲ. ಮನೆಗೆ ಬಂದು ಕ್ಯಾಲೆಂಡರಿನ ಹಿಂದಿನ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

ಬಾಲವನದಲ್ಲಿ ಒಂದು ಪ್ರಶ್ನೆ

ಮೇ ಮೊದಲ ವಾರ ಪುತ್ತೂರಿನ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದವರು ಹಾಗೇ ಪರ್ಲಡ್ಕದ ಬಾಲವನಕ್ಕೂ ಹೋದೆವು. ಕೋಟ ಶಿವರಾಮ ಕಾರಂತರು ಬಹುಕಾಲ ಬಾಳಿದ ಜಾಗ ಅದು. ಅಜ್ಜಿ ಮತ್ತು ಮೊಮ್ಮಗನ ಮಾತುಕತೆಯಾಗಿಯೇ ಬೆಳೆಯುವ 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಪಡೆದ ಕಾರಂತರು ಮಕ್ಕಳಿಗಾಗಿಯೂ ಬಹಳ ದುಡಿದವರು. 1936ರಲ್ಲೇ 'ಬಾಲಪ್ರಪಂಚ' ಎಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಮಕ್ಕಳಿಗಾಗಿ ಬರೆದರು. ಪಾಠವನ್ನು ಬಾಯಿಪಾಠ ಮಾಡಿಸುವ ಬದಲು ಆಟ, ಕುಣಿತ, ಚಿತ್ರ, ನಾಟಕದ ಮೂಲಕ ಮಕ್ಕಳು ಕಲಿಯಬೇಕು ಎಂದು ಬಾಲವನದಲ್ಲಿ ಪ್ರಯೋಗ ಮಾಡಿದರು. ಇಂದಿನ ಬೇಸಗೆ ಶಿಬಿರಗಳಲ್ಲಿ ನಡೆಯುವುದನ್ನು ಎಂಬತ್ತು ತೊಂಬತ್ತು ವರ್ಷಗಳ ಹಿಂದೆಯೇ ಅವರು ಯೋಚಿಸಿದ್ದರು.

ಅವರ ಮನೆ, ನಾಟ್ಯಶಾಲೆ ಎಲ್ಲ ನೋಡಿ ಹೊರಗೆ ಬಂದಾಗ ಅಲ್ಲಿನ ಈಜುಕೊಳದಿಂದ ಮಕ್ಕಳ ಗಲಾಟೆ ಕೇಳಿಸಿತು. ಪುಟ್ಟಿಯಷ್ಟೇ ಎತ್ತರದ ಹುಡುಗಿಯೊಬ್ಬಳು ನೀರಿಗೆ ಹಾರಿ, ಮುಳುಗಿ, ಆಚೆ ಬದಿಯಲ್ಲಿ ತಲೆ ಎತ್ತಿದಳು. ಪುಟ್ಟಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜ, ನಿಮಗೆ ಈಜೋಕೆ ಬರತ್ತಾ?" ಎಂದಳು.

"ಇಲ್ಲ."

"ಯಾಕೆ? ನೀವು ಹೊಳೆ ಹತ್ತಿರಾನೇ ಬೆಳೆದಿದ್ದಲ್ವಾ?"

ಉತ್ತರ ಹೇಳಲಿಲ್ಲ. ಬಸ್ಸು ತಪ್ಪುತ್ತದೆ, ನಡೆಯಿರಿ ಎಂದೆ.

1963ರ ಮೇ ತಿಂಗಳು

ಅಂದು ರಾತ್ರಿ ಕರೆಂಟ್ ಹೋಯಿತು. ಸೆಕೆ ತಡೆಯಲಾರದೆ ಎಲ್ಲರೂ ಜಗಲಿಯಲ್ಲಿ ಕುಳಿತೆವು. ಹೆಂಡತಿ ಬೀಸಣಿಗೆಯಿಂದ ಗಾಳಿ ಹಾಕುತ್ತಾ ಮೆಲ್ಲಗೆ, "ಹೇಳಿ. ಅವರು ಕೇಳಿದ್ದಾರಲ್ಲ" ಎಂದಳು. ಕತ್ತಲಿತ್ತು, ಹಾಗಾಗಿ ಹೇಳಲು ಸಾಧ್ಯವಾಯಿತು.

ಪಾಣೆಮಂಗಳೂರಿನ ಹತ್ತಿರ, ನೇತ್ರಾವತಿಯ ದಡದಲ್ಲಿ ನನ್ನ ಅಜ್ಜಿಯ ಮನೆ. ಆಗ ನನಗೆ 11 ವರ್ಷ, ತಮ್ಮನಿಗೆ 7. ಮೇ ತಿಂಗಳಲ್ಲಿ ಹೊಳೆ ಎಷ್ಟು ಬಡವಾಗಿರುತ್ತದೆ ಎಂದರೆ ಅರ್ಧ ಹೊಳೆ ಮರಳು, ಉಳಿದ ಅರ್ಧದಲ್ಲಿ ಮೊಣಕಾಲು ನೀರು. ಆದರೆ ಅಲ್ಲಲ್ಲಿ ಕಯ ಇರುತ್ತದೆ. ಕಯ ಎಂದರೆ ಹೊಳೆಯೊಳಗಿನ ಆಳದ ಗುಂಡಿ. ಮೇಲಿನಿಂದ ನೋಡಿದರೆ ನೀರು ಸ್ವಲ್ಪ ಹಸಿರಾಗಿ ಕಾಣುತ್ತದೆ, ಅಷ್ಟೇ. ನಾವು ಅಡಿಕೆ ಹಾಳೆಯನ್ನು ದೋಣಿ ಮಾಡಿ ಬಿಡುತ್ತಿದ್ದೆವು. ಹಾಳೆ ತೇಲಿ ಹೋಯಿತು. ತಮ್ಮ ಅದರ ಹಿಂದೆ ಹೋದ.

ಅವನು ಕೂಗಲಿಲ್ಲ. ಕೈ ಮೇಲೆ ಕೆಳಗೆ ಆಡಿಸಿದ. ನಾನು ಆಟ ಎಂದುಕೊಂಡೆ. ಆಟವಲ್ಲ ಎಂದು ಗೊತ್ತಾಗುವಷ್ಟರಲ್ಲಿ ನೀರು ಸುಮ್ಮನಾಗಿತ್ತು.

ಆಮೇಲೆ ಅಮ್ಮ ನನ್ನನ್ನು ಹೊಳೆಗೆ ಬಿಡಲಿಲ್ಲ. ದೊಡ್ಡವನಾದ ಮೇಲೆ ನಾನು ನನ್ನ ಮಗಳನ್ನು ಬಿಡಲಿಲ್ಲ. ಅವಳ ಕಾಲೇಜಿನವರು ಪ್ರವಾಸದಲ್ಲಿ ಸಮುದ್ರಕ್ಕೆ ಹೋದರೆ ನಾನು ರಾತ್ರಿಯಿಡೀ ನಿದ್ರೆ ಮಾಡುತ್ತಿರಲಿಲ್ಲ.

ಹೇಳಿ ಮುಗಿಸಿದೆ. ತುಂಬ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಮೊಮ್ಮಗ ಕೇಳಿದ: "ಅಜ್ಜ, ಅವನಿಗೆ ಈಜು ಬರ್ತಿದ್ರೆ?"

ನನ್ನ ಅಮ್ಮ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನೀರಿನಿಂದ ದೂರ ಇಟ್ಟರೆ ಮಕ್ಕಳನ್ನು ಉಳಿಸಿಕೊಂಡಂತೆ ಎಂದೇ ನಂಬಿದ್ದೆವು. ಆದರೆ ನಮ್ಮದು ನೇತ್ರಾವತಿ, ಫಲ್ಗುಣಿ, ಕುಮಾರಧಾರಾ ಹರಿಯುವ ಜಿಲ್ಲೆ. ಒಂದು ಬದಿ ಪೂರ್ತಿ ಸಮುದ್ರ. ಊರಿಗೊಂದು ಕೆರೆ, ತೋಟಕ್ಕೊಂದು ಬಾವಿ. ಎಷ್ಟು ದೂರ ಇಡುವುದು, ಎಷ್ಟು ವರ್ಷ ಕೈ ಹಿಡಿದುಕೊಳ್ಳುವುದು?

"ನಾಳೆ ಬೆಳಗ್ಗೆ ಹೋಗಿ ಕೇಳಿಕೊಂಡು ಬನ್ನಿ" ಎಂದಳು ಹೆಂಡತಿ.

"ಅಜ್ಜೆರೆ, ಈರ್‌ಲಾ ಜಪ್ಪುಲೆ"

ಮಂಗಳೂರಿನಲ್ಲಿ ಲೇಡಿಹಿಲ್ ಬಳಿಯ ಮಂಗಳಾ ಈಜುಕೊಳ ಹಳೆಯದು. ಎಮ್ಮೆಕೆರೆಯಲ್ಲಿ ಹೊಸದೊಂದು ಆಗಿದೆ. ಬೇಸಗೆ ರಜೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ತರಗತಿಗಳು ನಗರದಲ್ಲಿ ಬೇರೆ ಕಡೆಗಳಲ್ಲೂ ನಡೆಯುತ್ತವೆ. ಮನೆಗೆ ಅನುಕೂಲವಾದ ಒಂದು ಕಡೆ ಇಬ್ಬರನ್ನೂ ಸೇರಿಸಿದೆ.

ಮೊದಲ ದಿನ ಈಜು ಇಲ್ಲವೇ ಇಲ್ಲ. ನೀರಿನಲ್ಲಿ ಮುಖ ಮುಳುಗಿಸಿ ಗುಳ್ಳೆ ಬಿಡುವುದು, ಅಷ್ಟೇ. ಎರಡನೇ ದಿನ ಅಂಚಿನ ಕಂಬಿ ಹಿಡಿದು ಕಾಲು ಬಡಿಯುವುದು. ಪುಟ್ಟಿ ಎರಡು ದಿನ ಅತ್ತಳು. ನಾನು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದೆ. ಮನೆಗೆ ಕರೆದುಕೊಂಡು ಹೋಗಿಬಿಡೋಣ ಎಂದು ನೂರು ಸಲ ಅನಿಸಿತು. ಆರನೇ ದಿನ ಅವಳು ಅಂಗಾತ ಮಲಗಿ, ಕಿವಿ ನೀರಿನೊಳಗೆ ಇಟ್ಟು, ಆಕಾಶ ನೋಡುತ್ತಾ ತೇಲಿದಳು. ತರಬೇತುದಾರರು ಕೆಳಗಿನಿಂದ ಕೈ ತೆಗೆದಿದ್ದರು. ಅವಳಿಗೆ ಅದು ಗೊತ್ತೇ ಇರಲಿಲ್ಲ.

ತರಬೇತುದಾರರು ಯುವಕ. ಒಂದು ದಿನ ಮಕ್ಕಳನ್ನೆಲ್ಲ ದಂಡೆಯಲ್ಲಿ ಕೂರಿಸಿ ಕೇಳಿದರು: "ನಿಮ್ಮ ಗೆಳೆಯ ಮುಳುಗುತ್ತಿದ್ದಾನೆ. ಏನು ಮಾಡ್ತೀರಿ?" ಎಲ್ಲರೂ "ಹಾರ್ತೇವೆ!" ಎಂದು ಕೂಗಿದರು. "ತಪ್ಪು" ಎಂದರು ಅವರು. "ಹಾರಿದರೆ ಇಬ್ಬರೂ ಹೋಗ್ತೀರಿ. ಮುಳುಗುವವರು ಕೈಗೆ ಸಿಕ್ಕಿದವರನ್ನು ಬಿಗಿಯಾಗಿ ಹಿಡಿದುಕೊಳ್ತಾರೆ. ದಡದಲ್ಲೇ ನಿಂತು ಕೂಗಿ. ಕೋಲು ಚಾಚಿ. ಹಗ್ಗ, ಸೀರೆ, ಬೈರಾಸು, ಖಾಲಿ ಕ್ಯಾನು, ಏನು ಸಿಕ್ಕಿದರೂ ಎಸೆಯಿರಿ."

ಅಂದು 1963ರಲ್ಲಿ ದಡದ ಬಂಡೆಯ ಮೇಲೆ, ಒಗೆಯಲು ತಂದ ಅಜ್ಜಿಯ ಸೀರೆ ಇತ್ತು. 62 ವರ್ಷಗಳ ಮೇಲೆ ಅದು ನೆನಪಾಯಿತು.

ತರಗತಿ ಮುಗಿದ ಮೇಲೆ ಅವರಿಗೆ ಅಷ್ಟನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ಯಾರಾದರೂ ಹೇಳಿಕೊಟ್ಟಿದ್ದರಲ್ಲವಾ ಅಜ್ಜೆರೆ ಗೊತ್ತಾಗುವುದು" ಎಂದರು. ಆಮೇಲೆ ತುಳುವಿನಲ್ಲಿ, "ಈರ್‌ಲಾ ಜಪ್ಪುಲೆ" ಎಂದರು. ನೀವೂ ಇಳಿಯಿರಿ.

ವೈದ್ಯರನ್ನು ಕೇಳಿ, ಮರುವಾರ ದೊಡ್ಡವರ ಸಮಯದಲ್ಲಿ ಸೊಂಟದ ನೀರಿಗೆ ಇಳಿದೆ. ಕಾಲು ನಡುಗುತ್ತಿತ್ತು. ಮೆಟ್ಟಿಲ ಮೇಲೆ ಈಗ ಮೊಮ್ಮಕ್ಕಳು ಕುಳಿತಿದ್ದರು. "ಅಜ್ಜ, ಗುಳ್ಳೆ ಬಿಡಿ!" ಎಂದು ಪುಟ್ಟಿ ಕೂಗಿದಳು.

ನಾವು ಕಲಿತ ಪಾಠಗಳು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಶಾಲಾ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಬೇಕೆಂದು ಆ ಸಂಸ್ಥೆಯೇ ಹೇಳುತ್ತದೆ. ಜುಲೈ 25ನ್ನು ವಿಶ್ವಸಂಸ್ಥೆ ಇದಕ್ಕಾಗಿಯೇ ಜಾಗೃತಿ ದಿನವೆಂದು ಗೊತ್ತುಮಾಡಿದೆ. ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಓದಿ ಹೇಳಬಹುದು.

ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗೇ ಕಷ್ಟವಾಗಿರುವಾಗ ಕೂಗು ಹೊರಡುವುದಿಲ್ಲ. ಆದ್ದರಿಂದ ಮಕ್ಕಳು ನೀರಿನಲ್ಲಿರುವಾಗ ಒಬ್ಬ ದೊಡ್ಡವರ ಕಣ್ಣು ಮೊಬೈಲಿನ ಮೇಲಲ್ಲ, ಮಕ್ಕಳ ಮೇಲೆಯೇ ಇರಬೇಕು.

ಈಜುಕೊಳದಲ್ಲಿ ಈಜು ಬಂದ ಮಾತ್ರಕ್ಕೆ ಹೊಳೆಗೆ ಇಳಿಯಬಾರದು. ಹೊಳೆಯಲ್ಲಿ ಕಯ ಇದೆ, ಸುಳಿ ಇದೆ, ಪಾಚಿಯ ಬಂಡೆ ಇದೆ. ಆ ಊರಿನವರನ್ನು ಕೇಳದೆ, ದೊಡ್ಡವರಿಲ್ಲದೆ ಇಳಿಯಬೇಡಿ.

ಸಮುದ್ರದಲ್ಲಿ ನೀರಿನ ಸೆಳೆತ ಒಳಗೆ ಎಳೆದರೆ ಅದಕ್ಕೆ ಎದುರಾಗಿ ದಡದ ಕಡೆಗೇ ಈಜಬೇಡಿ, ಸುಸ್ತಾಗುತ್ತದೆ. ತೇಲಿ, ಕೈ ಎತ್ತಿ ಸಹಾಯ ಕೇಳಿ. ಈಜು ಚೆನ್ನಾಗಿ ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಜೀವರಕ್ಷಕರು ಇರುವ ಕಡೆ ಮಾತ್ರ, ಅವರು ಹೇಳಿದ ಗಡಿಯೊಳಗೇ ಆಡಿ. ಮಳೆಗಾಲದಲ್ಲಿ ನಮ್ಮ ಸಮುದ್ರಕ್ಕೆ ಇಳಿಯುವ ಮಾತೇ ಬೇಡ. ಮೀನುಗಾರಿಕೆಯ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ದಕ್ಕೆಯಲ್ಲಿ ಲಂಗರು ಹಾಕಿರುತ್ತವೆ.

ತುರ್ತಿಗೆ 112ಕ್ಕೆ ಫೋನ್ ಮಾಡಿ.

ಹಪ್ಪಳ, ಹುಟ್ಟುಹಬ್ಬ, ಪತ್ತನಾಜೆ

ಇದೆಲ್ಲದರ ನಡುವೆ ನಮ್ಮ ತಾರಸಿಯಲ್ಲಿ ಹಲಸಿನ ಹಪ್ಪಳದ ಕೆಲಸವೂ ನಡೆಯಿತು. ಬಲಿತ ಕಾಯಿಯ ಸೊಳೆ ಬೇಯಿಸಿ, ಒರಳಲ್ಲಿ ಉಪ್ಪು, ಮೆಣಸು, ಜೀರಿಗೆ ಹಾಕಿ ಗುದ್ದಿ, ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮೇಲೆ ಮಣೆ ಇಡುವುದು. ಮಣೆಯ ಮೇಲೆ ಪುಟ್ಟಿ ಕುಳಿತರೆ ಹಪ್ಪಳ ತಯಾರು. ಚಾಪೆಯಲ್ಲಿ ಒಣಗಲು ಹಾಕಿದ ಮೇಲೆ ಕಾಗೆ ಓಡಿಸುವ ಕೆಲಸ ಮೊಮ್ಮಗನದು. ಅವನು ಕಾಗೆಗಿಂತ ಹೆಚ್ಚು ಹಿಟ್ಟು ತಿಂದ. ತೆಂಗಿನೆಣ್ಣೆ ಹಚ್ಚಿದ ಹಸಿ ಹಪ್ಪಳದ ಹಿಟ್ಟಿನ ರುಚಿ ಗೊತ್ತಿದ್ದವರು ಅವನನ್ನು ಬೈಯಲಾರರು.

ಮೇ 23ಕ್ಕೆ ಪುಟ್ಟಿಗೆ 8 ತುಂಬಿತು. ಮಗಳು, ಅಳಿಯ ಬಂದಿದ್ದರು. ಬೆಳಗ್ಗೆ ಎಲ್ಲರೂ ಈಜುಕೊಳಕ್ಕೆ ಹೋದೆವು. ಪುಟ್ಟಿ ಅಗಲಕ್ಕೆ ಒಂದು ಸಲ, ಎಲ್ಲೂ ಹಿಡಿಯದೆ ಈಜಿ ಅಮ್ಮನಿಗೆ ತೋರಿಸಿದಳು. ಮಗಳು ನನ್ನ ಮುಖ ನೋಡಿದಳು. ನಾನು ನೀರನ್ನು ನೋಡುತ್ತಿದ್ದೆ. ಸಂಜೆ ನೆರೆಮನೆಯ ಮಕ್ಕಳು ಬಂದರು. ಅಣ್ಣ ತಂಗಿ ಕಾಗದದ ಕಿರೀಟ ಇಟ್ಟು ಯಕ್ಷಗಾನದ ಹೆಜ್ಜೆ ಹಾಕಿದರು. ಕೇಕ್ ಇತ್ತು, ಹಪ್ಪಳ ಇತ್ತು. ರಾತ್ರಿ ಎಲ್ಲರಿಗೂ ಉದ್ದ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದೆ. ದೇವರ ಕೋಣೆಯಲ್ಲಿ ತಮ್ಮನ ಒಂದು ಹಳೆಯ ಫೋಟೋ ಇದೆ. ಮಲಗುವ ಮೊದಲು ಪುಟ್ಟಿ ತನ್ನ ಕಾಗದದ ಕಿರೀಟವನ್ನು ಅದರ ಮುಂದೆ ಇಟ್ಟಳು. ಯಾರೂ ಹೇಳಿಕೊಟ್ಟದ್ದಲ್ಲ.

ಮರುದಿನ ಪತ್ತನಾಜೆ. ಬೇಷ ತಿಂಗಳ ಹತ್ತನೇ ದಿನ. ಜಾತ್ರೆ, ನೇಮ, ಕೋಲಗಳು ಮುಗಿಯುವ, ಯಕ್ಷಗಾನ ಮೇಳದ ಕಲಾವಿದರು ಗೆಜ್ಜೆ ಬಿಚ್ಚುವ ಕಾಲ. ಪತ್ತನಾಜೆಗೆ ಹತ್ತು ಹನಿಯಾದರೂ ಮಳೆ ಬೀಳಬೇಕು ಎಂದು ಹಿರಿಯರ ಮಾತು. ಹತ್ತಲ್ಲ, ಗುಡುಗಿನೊಂದಿಗೆ ಧೋ ಎಂದು ಸುರಿಯಿತು. ಮೊಮ್ಮಗ ತಾರಸಿಗೆ ಓಡಿ ಹಪ್ಪಳದ ಚಾಪೆ ಎಳೆದು ತಂದ.

ಅವರು ಹೊರಟ ದಿನ ನಾನು ಜಂಕ್ಷನ್ನಿಗೆ ಹೋಗಿ ಕೈಬೀಸಿ ಬಂದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಮನೆ ಎಷ್ಟು ದೊಡ್ಡದು ಎಂದು ಅನಿಸಿತು. ರಾತ್ರಿ ಫೋನ್ ಬಂತು. ಮೊಮ್ಮಗ ಸುಬ್ರಹ್ಮಣ್ಯದಿಂದಲೇ ಎಣಿಸಲು ಶುರುಮಾಡಿ ಉಳಿದ ಹದಿನಾರನ್ನೂ ಮುಗಿಸಿದ್ದ. ಆಮೇಲೆ ಪುಟ್ಟಿ ಫೋನ್ ಕಿತ್ತುಕೊಂಡಳು.

"ಅಜ್ಜ, ನಾಳೆ ಈಜೋಕೆ ಹೋಗ್ತೀರಲ್ವಾ?"

"ಮಳೆ ಶುರುವಾಯಿತಲ್ಲ ಪುಟ್ಟಿ..."

"ಈಜುಕೊಳದಲ್ಲಿ ಹೇಗೂ ಒದ್ದೆ ಆಗೋದೇ ಅಲ್ವಾ ಅಜ್ಜ?"

ಹೋಗಿದ್ದೆ. ಅಂಗಾತ ಮಲಗಿ ಹತ್ತು ಎಣಿಸುವವರೆಗೆ ತೇಲಿದೆ. ಮುಂದಿನ ಬಿಸುವಿಗೆ ಮಕ್ಕಳು ಬರುವಾಗ ಇಪ್ಪತ್ತು ಆಗಬೇಕು.